ಹಳಿ ಕೊಳ್ಳುವ ಮುಂಚೆ ಓದಿ

ಗೆಳೆಯರೇ, ಮನೆಯಲ್ಲಿ ಪುಟ್ಟ ಮಾದರಿ ರೈಲು ಹಾಕಬೇಕು ಅನ್ನುವವರಿಗೆ ಎನ್ ಸ್ಕೇಲ್ ಸಾಕು. ಹಳಿಗಳ ನಡುವೆ 9 ಮಿ.ಮೀ., ಅಳತೆ 1:160, ಅಂದರೆ ನಿಜವಾದ ರೈಲಿನ 160ರಲ್ಲಿ ಒಂದು ಪಾಲು. ಅದಕ್ಕಿಂತ ದೊಡ್ಡದಾದ ಹೆಚ್‌ಒ ಸ್ಕೇಲ್ (1:87) ನೋಡಲು ಚೆಂದ, ಆದರೆ ತಿರುವಿಗೆ ಜಾಸ್ತಿ ಜಾಗ ಬೇಕು.

ಹಳಿ ಮಾತ್ರ ನಿಕಲ್ ಸಿಲ್ವರ್‌ನದ್ದೇ (ತಾಮ್ರ, ನಿಕಲ್, ಸತುವಿನ ಮಿಶ್ರಲೋಹ) ತಗೊಳ್ಳಿ. ಹಿತ್ತಾಳೆ ಹಳಿ ಅಗ್ಗಕ್ಕೆ ಸಿಕ್ಕರೂ ಬೇಡ. ಕಾರವಾರದ ಉಪ್ಪುಗಾಳಿಗೆ ಅದು ಬೇಗ ಕಪ್ಪಾಗುತ್ತದೆ. ಎಂಜಿನ್‌ಗೆ ಕರೆಂಟ್ ಬರುವುದೇ ಹಳಿಯಿಂದ ಅಲ್ವಾ? ಕಪ್ಪಾದರೆ ನಿಂತು ನಿಂತು ಓಡುತ್ತದೆ. ನಿಕಲ್ ಸಿಲ್ವರ್ ಆದರೂ ಮಳೆಗಾಲದಲ್ಲಿ ಆಗಾಗ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಬಟ್ಟೆಯಲ್ಲಿ ಒರೆಸಿ. ಮರಳು ಕಾಗದದಿಂದ ಉಜ್ಜಲೇಬೇಡಿ, ಗೀರುಗಳಲ್ಲಿ ಕೊಳೆ ಕೂರುತ್ತದೆ.

ಹೊಸಬರಿಗೆ ಕೆಳಗೆ ಜಲ್ಲಿಯ ಅಚ್ಚು ಇರುವ, ಜೋಡಿಸಿ ಬಿಚ್ಚುವ ಹಳಿ ಅನುಕೂಲ. ಜಪಾನಿನ ಕೇಟೊ ಕಂಪನಿಯ ಯೂನಿಟ್ರ್ಯಾಕ್ ಆ ಥರದ್ದು. ತಿರುವಿನ ತ್ರಿಜ್ಯ 282 ಮಿ.ಮೀ. ಅಥವಾ ಹೆಚ್ಚಿರಲಿ. ಉದ್ದದ ಬೋಗಿಗಳು ಆಗ ಸಲೀಸಾಗಿ ತಿರುಗುತ್ತವೆ. ಹಳಿ ಕೂರಿಸುವ ಪ್ಲೈವುಡ್‌ನ ಎರಡೂ ಬದಿಗೆ, ಅಂಚಿಗೂ ಬಣ್ಣ ಬಳಿಯಿರಿ. ಇಲ್ಲದಿದ್ದರೆ ತೇವಕ್ಕೆ ಸೊಟ್ಟಗಾಗುತ್ತದೆ.

ಹೊನ್ನಾವರದ ಶರಾವತಿ ರೈಲು ಸೇತುವೆ ಮಾಡೋಣ ಎಂದು ಕೇಳಿದವರಿಗೆ: ಅದು 2 ಕಿ.ಮೀ.ಗಿಂತ ಉದ್ದ. ಎನ್ ಸ್ಕೇಲ್‌ನಲ್ಲೂ ಸುಮಾರು 13 ಮೀಟರ್ ಆಗುತ್ತದೆ! ಸೇತುವೆಯ ನಾಲ್ಕೈದು ಕಂಬಗಳಷ್ಟು ಭಾಗ ಮಾಡಿದರೆ ಸಾಕು. ಆಸೆ ಇದ್ದವರು ನಿಮ್ಮ ಮೇಜಿನ ಅಳತೆ ಇಲ್ಲಿ ಹಾಕಿ, ಹಳಿಯ ನಕ್ಷೆ ಸೇರಿ ಬರೆಯೋಣ.