ರಸ್ತೆ ಕಾಮಗಾರಿ ಮತ್ತು ನಮ್ಮ ಮಕ್ಕಳು: ಗ್ರಾಮಸಭೆಗೆ ಮೊದಲು ಅಳತೆ ಹಿಡಿಯೋಣ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಶಾಲೆಯ ಮುಂದಿನ ರಸ್ತೆ ಅಗಲ ಮಾಡಲು ಅಂದಾಜು ಪಟ್ಟಿ ತಯಾರಾಗುತ್ತಿದೆ. ಟೆಂಡರ್ ಆದ ಮೇಲೆ ಅದರಲ್ಲಿ ಒಂದು ಚಪ್ಪಡಿ ಸೇರಿಸುವುದೂ ಕಷ್ಟ. ಹಾಗಾಗಿ ಕೇಳಬೇಕಾದ್ದನ್ನು ಮುಂದಿನ ಗ್ರಾಮಸಭೆಯಲ್ಲೇ ಕೇಳಬೇಕು. ‘ರಸ್ತೆ ಅಗಲ ಮಾಡಿ, ಹಂಪ್ ಹಾಕಿ’ ಎಂದಷ್ಟೇ ಅರ್ಜಿ ಕೊಟ್ಟರೆ ಗಾಡಿಗಳ ವೇಗ ಹೆಚ್ಚುತ್ತದೆ, ಮಕ್ಕಳು ದಾಟಬೇಕಾದ ದೂರವೂ ಹೆಚ್ಚುತ್ತದೆ.

ಒಂದನೇ ತರಗತಿಯ ಮಗು ಸೆಕೆಂಡಿಗೆ ಒಂದು ಮೀಟರ್ ನಡೆಯುತ್ತದೆ ಎಂದುಕೊಳ್ಳಿ. 7 ಮೀಟರ್ ರಸ್ತೆ ದಾಟಲು 7 ಸೆಕೆಂಡು ಬೇಕು. ಅಷ್ಟರಲ್ಲಿ ಗಂಟೆಗೆ 50 ಕಿ.ಮೀ. ವೇಗದ ನೀರಿನ ಟ್ಯಾಂಕರ್ 97 ಮೀಟರ್ ಬಂದಿರುತ್ತದೆ, 30 ಕಿ.ಮೀ. ವೇಗವಾದರೆ 58 ಮೀಟರ್. ದಯವಿಟ್ಟು ಒಮ್ಮೆ ಗೇಟಿನ ಬಳಿ ಮಂಡಿಯೂರಿ, ಮಗುವಿನ ಕಣ್ಣಿನ ಎತ್ತರದಿಂದ ರಸ್ತೆ ನೋಡಿ. ನಿಂತ ವ್ಯಾನು, ಎಳನೀರು ಗಾಡಿ, ಕಂಬಕ್ಕೆ ಕಟ್ಟಿದ ಬ್ಯಾನರು ಸೇರಿ ಇಪ್ಪತ್ತು ಮೀಟರ್ ಆಚೆಗೆ ಏನೂ ಕಾಣುವುದಿಲ್ಲ. ಮಕ್ಕಳನ್ನು ಕಾರಿನಲ್ಲಿ ಬಿಡುವವರು ಗೇಟಿನ ಎರಡೂ ಬದಿ 15 ಮೀಟರ್ ಖಾಲಿ ಬಿಡಿ. ಇದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ, ನಾಳೆಯಿಂದಲೇ ಆಗಬಹುದು.

ಹಂಪ್ ವಿಷಯ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ (ಐಆರ್‌ಸಿ) 99ನೇ ಸಂಖ್ಯೆಯ ಮಾರ್ಗಸೂಚಿ, ಅಂದರೆ ಐಆರ್‌ಸಿ 99ರ ಪ್ರಕಾರ ಉಬ್ಬು ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 25 ಕಿ.ಮೀ. ವೇಗದಲ್ಲಿ ಅದನ್ನು ಸಲೀಸಾಗಿ ದಾಟಬಹುದು. ಉಳಿದ ಟಾರು ಸುರಿದು ಒಂದಡಿ ಅಗಲಕ್ಕೆ ಎಬ್ಬಿಸಿದ ದಿಣ್ಣೆ ಬೇರೆಯೇ ಮಾತು. ಅದನ್ನು ತಪ್ಪಿಸಲು ಬೈಕಿನವರು ಚರಂಡಿ ಪಕ್ಕದ ಸಂದಿಯಲ್ಲಿ ನುಗ್ಗುತ್ತಾರೆ, ಮಕ್ಕಳು ನಡೆಯುವುದೂ ಅಲ್ಲೇ. ನಾವು ಕೇಳಬೇಕಾದ್ದು ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿದ ಜೀಬ್ರಾ ಕ್ರಾಸಿಂಗ್: ಅಂಚಿನಿಂದ ಅಂಚಿಗೆ ಸಂದಿಯಿಲ್ಲದೆ, ಮಳೆನೀರು ಹೋಗಲು ಅಡಿಯಲ್ಲಿ ಪೈಪು, ಮೇಲೆ ಬೀದಿದೀಪ, ಸಾಕಷ್ಟು ಮೊದಲೇ ಎಚ್ಚರಿಕೆ ಫಲಕ.

ಫುಟ್‌ಪಾತ್‌ಗೆ ಐಆರ್‌ಸಿ 103 ಹೇಳುವ ಕನಿಷ್ಠ ಅಗಲ 1.8 ಮೀಟರ್, ಅದೂ ಅಡೆತಡೆಯಿಲ್ಲದ ಅಗಲ. ಅಂದರೆ ಟೇಪು ಹಿಡಿಯಬೇಕಾದ್ದು ಫುಟ್‌ಪಾತ್ ಅಂಚಿನ ಕರ್ಬ್ ಕಲ್ಲಿನಿಂದ ಕಾಂಪೌಂಡಿಗಲ್ಲ, ಟ್ರಾನ್ಸ್‌ಫಾರ್ಮರ್ ಬೇಲಿಯಿಂದ ಕಾಂಪೌಂಡಿಗೆ. ಕರ್ಬ್ ಎತ್ತರ 15 ಸೆಂ.ಮೀ. ಮೀರಬಾರದು, ಮೀರಿದರೆ ಅಜ್ಜಿಯರು, ಕೈಗೂಸು ಎತ್ತಿಕೊಂಡವರು ರಸ್ತೆಯಲ್ಲೇ ನಡೆಯುತ್ತಾರೆ. ಪ್ರತಿ ಮನೆಯ ಗೇಟಿಗೂ ಫುಟ್‌ಪಾತ್ ಕತ್ತರಿಸಿ ಇಳಿಜಾರು ಮಾಡಿದರೂ ಗತಿ ಅದೇ. ಫುಟ್‌ಪಾತ್ ಮಟ್ಟ ಹಾಗೇ ಸಾಗಲಿ, ಕಾರೇ ಅದರ ಮೇಲೆ ಹತ್ತಿ ಇಳಿಯಲಿ.

ಸೈಕಲ್ ದಾರಿಗೆ ಬಿಳಿ ಗೆರೆಯಷ್ಟೇ ಎಳೆದರೆ ಸಂಜೆಗೆ ಅದು ಪಾರ್ಕಿಂಗ್ ಆಗಿರುತ್ತದೆ. ಜಾಗವಿದ್ದರೆ ಕರ್ಬ್ ಕಟ್ಟಿ ರಸ್ತೆಯಿಂದ ಬೇರ್ಪಡಿಸಿದ 2 ಮೀಟರ್ ಅಗಲದ ದಾರಿ ಕೇಳೋಣ. ಇಲ್ಲದಿದ್ದರೆ ಗಾಡಿಗಳ ವೇಗ ಇಳಿಸುವುದೇ ಸರಿ. ಚರಂಡಿ ಜಾಲರಿಯ ಸರಳುಗಳು ರಸ್ತೆಗೆ ಅಡ್ಡವಾಗಿರಲಿ. ಉದ್ದಕ್ಕಿದ್ದರೆ ಸೈಕಲ್ ಚಕ್ರ ಸಿಕ್ಕಿಹಾಕಿಕೊಂಡು ಮಗು ಮುಗ್ಗರಿಸುತ್ತದೆ.

ಕೆಲಸದ ಸರದಿಯೂ ಮುಖ್ಯ. 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಲ್ಲಿ ಟಾರು ಮೊದಲು ಬಿದ್ದು, ಕಾವೇರಿ ಕೊಳವೆ, ಒಳಚರಂಡಿ ಆಮೇಲೆ ಬಂದ ಕಡೆ ಅದೇ ರಸ್ತೆಯನ್ನು ಮತ್ತೆ ಅಗೆಯಬೇಕಾಯಿತು. ಇಲ್ಲಿ ಕೊಳವೆ, ಕೇಬಲ್ ಮೊದಲು; ಮುಂದೆ ಬರುವ ಕೇಬಲ್‌ಗಳಿಗಾಗಿ ಫುಟ್‌ಪಾತ್ ಅಡಿ ಒಂದೆರಡು ಖಾಲಿ ಪೈಪೂ ಇರಲಿ. ಹಳೆ ಟಾರು ಕೆರೆದು ತೆಗೆಯದೆ ಮೇಲೆ ಮೇಲೆ ಹಾಕಿದರೆ ಮ್ಯಾನ್‌ಹೋಲ್‌ಗಳು ಗುಂಡಿಯಾಗುತ್ತವೆ, ಮಳೆನೀರು ಮನೆಯೊಳಗೆ ಬರುತ್ತದೆ.

ಲೇಔಟ್‌ಗಳಲ್ಲಿರುವವರಿಗೆ ಇನ್ನೊಂದು ಮಾತು. ಒಳರಸ್ತೆಯನ್ನು ಡೆವಲಪರ್ ಪಂಚಾಯಿತಿಗೆ ಬರೆದುಕೊಡದಿದ್ದರೆ ಅದರ ಮೇಲೆ ಪಂಚಾಯಿತಿ ಹಣ ಹಾಕುವುದು ಕಷ್ಟ. ಬರೆದುಕೊಟ್ಟಿದ್ದರೆ ಆ ಪತ್ರದ ಪ್ರತಿ ಹುಡುಕಿ ತನ್ನಿ.

ಬರುವ ಶನಿವಾರ ಬೆಳಿಗ್ಗೆ 7.30ಕ್ಕೆ 30 ಮೀಟರ್ ಟೇಪು, ಸೀಮೆಸುಣ್ಣ, ಮೊಬೈಲ್‌ನೊಂದಿಗೆ ಗೇಟಿನ ಬಳಿ ಸೇರೋಣ. ಬಸ್ ನಿಲ್ದಾಣದವರೆಗೆ ಪ್ರತಿ 50 ಮೀಟರಿಗೆ ನಡೆಯಲು ಸಿಗುವ ಅಗಲ, ಕರ್ಬ್ ಎತ್ತರ, ಅಡ್ಡ ಇರುವ ವಸ್ತು ಬರೆದು ಫೋಟೊ ತೆಗೆಯೋಣ. ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಹೇಳಿದೆ. ಅರ್ಜಿಯಲ್ಲಿ ಅದನ್ನೂ ಉಲ್ಲೇಖಿಸೋಣ. ಅರ್ಜಿ ಎರಡು ಪ್ರತಿ ಇರಲಿ, ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡು ಬರೋಣ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ