ಗಿಳಿಯ ಕಾಲಿನ ಉಂಗುರ ನೋಡಿ

ಮಾನ್ಯರೇ,

ಗಿಳಿಗಳನ್ನು ಕಾಡಿನಿಂದ ಹಿಡಿದು ತರಿಸಬೇಕೋ, ಪಂಜರದಲ್ಲೇ ಮರಿ ಮಾಡಿಸಬೇಕೋ ಎಂಬ ಚರ್ಚೆಯಲ್ಲಿ, ಹಕ್ಕಿ ಎಲ್ಲಿ ಹುಟ್ಟಿತೆಂಬ ಪುರಾವೆಯ ಮಾತೇ ಬರುತ್ತಿಲ್ಲ. ಆಫ್ರಿಕನ್ ಗ್ರೇ ಗಿಳಿಯನ್ನು 2016ರಲ್ಲಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ, ಅಂದರೆ ಅತಿ ಕಟ್ಟುನಿಟ್ಟಿನ ಪಟ್ಟಿಗೆ, ಸೇರಿಸಿದ ಮೇಲೆ ಕಾಡಿನ ಹಕ್ಕಿಯ ವಾಣಿಜ್ಯ ಆಮದಿಗೆ ದಾರಿ ಮುಚ್ಚಿದೆ. ಹಾಗಾಗಿ ಈಗ ಎಲ್ಲ ಮಾರಾಟಗಾರರೂ ‘ಪಂಜರದಲ್ಲೇ ಹುಟ್ಟಿದ್ದು’ ಎನ್ನುತ್ತಾರೆ.

ನಂಬಬಹುದಾದ ಗುರುತು ಜೋಡಣೆಯಿಲ್ಲದ ಮುಚ್ಚಿದ ಉಂಗುರ. ಮರಿಯ ಪಾದ ಇನ್ನೂ ಎಳೆಯದಾಗಿರುವಾಗ, ಮುಂದಿನ ಬೆರಳುಗಳನ್ನು ಕೂಡಿಸಿ, ಹಿಂದಿನವನ್ನು ಕಾಲಿಗೆ ಒತ್ತಿ ಹಿಡಿದು ಅದನ್ನು ತೂರಿಸುತ್ತಾರೆ. ಬಜ್ರಿಗರ್ ಎಂಬ ಸಣ್ಣ ಗಿಳಿಯ ಮರಿಗೆ ಸುಮಾರು ಐದರಿಂದ ಹತ್ತು ದಿನ ವಯಸ್ಸಿನೊಳಗೇ ಹಾಕಬೇಕು. ತಡವಾದರೆ ಪಾದ ಬಲಿತು ಉಂಗುರ ಹೋಗುವುದಿಲ್ಲ, ಬೇಗ ಹಾಕಿದರೆ ಜಾರಿ ಬೀಳುತ್ತದೆ. ಬಲೆಗೆ ಬಿದ್ದ ದೊಡ್ಡ ಹಕ್ಕಿಗೆ ಸರಿಯಳತೆಯದನ್ನು ತೊಡಿಸಲಾಗದು. ಸೀಳಿದ ಉಂಗುರವನ್ನಾದರೆ ಯಾವ ವಯಸ್ಸಿನಲ್ಲೂ ಬಿಗಿಯಬಹುದು, ಅದು ಪುರಾವೆಯಲ್ಲ.

ನಮ್ಮ ಹಸಿರು ಗಿಳಿಯ ಮಾತೇ ಬೇರೆ. ಅದನ್ನು ಹಿಡಿಯುವುದೂ ಮಾರುವುದೂ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಮರಿ ತೆಗೆಯಲು ಬೇವು, ಆಲದ ಪೊಟರೆಯ ಬಾಯಿ ಕೊಚ್ಚಿ ಅಗಲ ಮಾಡಿದರೆ ಮರುವರ್ಷ ಅಲ್ಲಿ ಗೂಡೂ ನಿಲ್ಲದು. ಮರಿಯಷ್ಟೇ ಅಲ್ಲ, ಮನೆಯೂ ಹೋಗುತ್ತದೆ.

ಬಳ್ಳಾರಿ, ರಾಯಚೂರು, ಕೊಪ್ಪಳದ ಹಕ್ಕಿ ಅಂಗಡಿಗಳಲ್ಲಿ ವಿದೇಶಿ ಗಿಳಿಗಳ ಉಂಗುರದ ಸಂಖ್ಯೆ, ಸಾಕಣೆದಾರರ ವಿಳಾಸ ಬರೆದಿಡುವ ಪುಸ್ತಕ ಕಡ್ಡಾಯವಾಗಲಿ. ನಮ್ಮ ಗಿಳಿ ಗೂಡು ಕಟ್ಟುವ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಅರಣ್ಯ ಸಿಬ್ಬಂದಿ ಸಂತೆಗಳಲ್ಲಿ ತಪಾಸಣೆ ನಡೆಸಲಿ.

– ಓದುಗ, ಗಂಗಾವತಿ