ಎಲೆಕ್ಟ್ರಾನ್–ಪಾಸಿಟ್ರಾನ್ ಡಿಕ್ಕಿ: ಬಿಟ್ಟುಹೋದ ಇನ್ನೊಂದು ದಾರಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಈಚೆಗೆ ಪ್ರಕಟವಾದ ಕಣಭೌತವಿಜ್ಞಾನದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯಕ್ಕೆ ಅರ್ಧ ಪುಟ ಸಿಗುವುದೇ ಅಪರೂಪವಾದ್ದರಿಂದ ತಪ್ಪು ಹುಡುಕಲು ಮನಸ್ಸಾಗುವುದಿಲ್ಲ. ಆದರೂ ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್ ಎದುರಾದಾಗಲೆಲ್ಲ ಎರಡೂ ಅಳಿದು ಶಕ್ತಿಯಾಗುತ್ತವೆ ಎಂಬ ಅಲ್ಲಿನ ಮಾತನ್ನು ತಿದ್ದಲೇಬೇಕು.

ಡಿಕ್ಕಿಯಿಂದ ಕಣಗಳ ಜೋಡಿಯೇ ಹೊರಬರಲು ಎರಡು ದಾರಿಗಳಿವೆ, ಇವನ್ನು ಚಾನೆಲ್ ಎನ್ನುತ್ತಾರೆ. ಎರಡೂ ಅಳಿದು ಬೆಳಕಿನ ಕಣವಾದ ಫೋಟಾನ್ ಆಗಿ, ಅದರಿಂದ ಹೊಸ ಜೋಡಿ ಹುಟ್ಟುವುದು ಎಸ್-ಚಾನೆಲ್. ಯಾವುದೂ ಅಳಿಯದೆ, ನಡುವೆ ಒಂದು ಫೋಟಾನನ್ನು ವಿನಿಮಯ ಮಾಡಿಕೊಂಡು ದಿಕ್ಕು ಬದಲಿಸಿ ಹೋಗುವುದು ಟಿ-ಚಾನೆಲ್. ಹೊರಬಂದದ್ದು ಎಲೆಕ್ಟ್ರಾನಿನ ಭಾರವಾದ ಸೋದರನಂತಿರುವ ಮ್ಯೂಆನ್‌ಗಳ ಜೋಡಿಯಾದರೆ ಮೊದಲ ದಾರಿ ಮಾತ್ರ ಸಾಧ್ಯ. ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಯೇ ಆದರೆ ಎರಡೂ ದಾರಿಗಳನ್ನು ಕೂಡಿಸಿ ಲೆಕ್ಕ ಹಾಕಬೇಕು, ಮತ್ತು ಒಂದು ನಿರ್ದಿಷ್ಟ ಡಿಕ್ಕಿ ಯಾವ ದಾರಿಯಲ್ಲಿ ನಡೆಯಿತೆಂಬ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ. 1936ರಲ್ಲಿ ಈ ಲೆಕ್ಕವನ್ನು ಪ್ರಕಟಿಸಿದವರು ಹೋಮಿ ಭಾಭಾ. ಮೂರು ವರ್ಷಗಳ ಬಳಿಕ ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಎಲೆಕ್ಟ್ರಾನ್–ಪಾಸಿಟ್ರಾನ್ ಹೀಗೆ ಚದುರುವುದಕ್ಕಿರುವ ‘ಭಾಭಾ ಚದುರಿಕೆ’ ಎಂಬ ಹೆಸರೇ ಇಲ್ಲದೆ ಈ ವಿಷಯವನ್ನು ಕನ್ನಡದಲ್ಲಿ ಮುಗಿಸಿದ್ದು ನನಗೆ ಸ್ವಲ್ಪ ಬೇಸರ ತಂದಿತು.

ಈ ಚಾನೆಲ್‌ಗಳಿಗೆ ಹೆಸರು ಕೊಟ್ಟ ಎಸ್, ಟಿ, ಯು (ಯು ಇಲ್ಲಿ ನಮಗೆ ಬೇಕಿಲ್ಲ) ಎಂಬ ಚರಗಳನ್ನು 1958ರಲ್ಲಿ ಬಳಕೆಗೆ ತಂದವರು ಸ್ಟಾನ್ಲಿ ಮ್ಯಾಂಡೆಲ್‌ಸ್ಟಮ್. ಎದುರಾಗುವ ಎರಡು ಕಣಗಳ ಶಕ್ತಿ-ಸಂವೇಗಗಳನ್ನು ಕೂಡಿ ವರ್ಗ ಮಾಡಿದರೆ ಎಸ್. ಒಳಬಂದ ಕಣದ್ದರಿಂದ ಹೊರಹೋದ ಕಣದ್ದನ್ನು ಕಳೆದು ವರ್ಗ ಮಾಡಿದರೆ ಟಿ. ಯಾರು ಯಾವ ವೇಗದಲ್ಲಿ ಚಲಿಸುತ್ತ ನೋಡಿದರೂ ಇವುಗಳ ಬೆಲೆ ಬದಲಾಗುವುದಿಲ್ಲ, ಆದರೆ ಕಣದ ಶಕ್ತಿ ಬದಲಾಗುತ್ತದೆ. ಲೇಖನದಲ್ಲಿ ಬರಿದೇ ‘ಕಣದ ಶಕ್ತಿ’ ಎಂದು ಬರೆದದ್ದು ಸಾಲದು ಎನ್ನಲು ಕಾರಣವೂ ಇದೇ. ಜಿನೀವಾ ಬಳಿಯ 27 ಕಿಲೋಮೀಟರ್ ಸುತ್ತಳತೆಯ, ಎಲೆಕ್ಟ್ರಾನ್–ಪಾಸಿಟ್ರಾನ್‌ಗಳನ್ನು ಡಿಕ್ಕಿ ಹೊಡೆಸುತ್ತಿದ್ದ ಲೆಪ್ ಯಂತ್ರದಲ್ಲಿ ಜೆಡ್ ಎಂಬ ಭಾರವಾದ ಕಣವನ್ನು ಹುಟ್ಟಿಸಲು ಎದುರುಬದುರಾಗಿ ಬರುವ ಪ್ರತಿ ಕಣಕ್ಕೆ ಸುಮಾರು 45.6 ಗಿಗಾ ಎಲೆಕ್ಟ್ರಾನ್ ವೋಲ್ಟ್ ಸಾಕಾಗಿತ್ತು. ಎಲೆಕ್ಟ್ರಾನನ್ನು ನಿಶ್ಚಲವಾಗಿರಿಸಿ ಅಷ್ಟೇ ಎಸ್ ಪಡೆಯಬೇಕೆಂದರೆ ಪಾಸಿಟ್ರಾನಿಗೆ ಸುಮಾರು 81 ಲಕ್ಷ ಗಿಗಾ ಎಲೆಕ್ಟ್ರಾನ್ ವೋಲ್ಟ್ ಕೊಡಬೇಕಾಗುತ್ತದೆ.

ಕಿರಿದಾದ ಕೋನದಲ್ಲಿ ಚದುರಿದಾಗ ಟಿ ಬಹಳ ಚಿಕ್ಕದು. ಘಟನೆಗಳ ಪ್ರಮಾಣ ಟಿಯ ವರ್ಗಕ್ಕೆ ವಿಲೋಮವಾಗಿರುವುದರಿಂದ ಅಲ್ಲಿ ಟಿ-ಚಾನೆಲ್‌ನದೇ ಮೇಲುಗೈ. ಲೆಪ್‌ನ ಕಿರಣಪುಂಜಗಳು ಎಷ್ಟು ದಟ್ಟವಾಗಿ ಸಂಧಿಸುತ್ತಿವೆ ಎಂಬುದನ್ನು ವಿಜ್ಞಾನಿಗಳು ಅಳೆದದ್ದು ಹೀಗೆ ಅಳಿಯದೆ ಸರಿದುಹೋದ ಕಣಗಳನ್ನು ಎಣಿಸಿಯೇ.

ಲೇಖನದೊಂದಿಗೆ ಅಚ್ಚಾದ ರೇಖಾಚಿತ್ರ ಎಸ್-ಚಾನೆಲ್‌ನದು. ಪತ್ರಿಕೆಯನ್ನು 90 ಡಿಗ್ರಿ ತಿರುಗಿಸಿ ಹಿಡಿದರೆ ಅದೇ ಚಿತ್ರ ಟಿ-ಚಾನೆಲ್ ಆಗುತ್ತದೆ.

ಇತಿ,
ನಿವೃತ್ತ ಭೌತವಿಜ್ಞಾನ ಉಪನ್ಯಾಸಕ, ಮೈಸೂರು